ಚೆಕ್ ಎಂಜಿನ್ ದೀಪ ಹೊತ್ತಿತೇ? ಸೆನ್ಸರ್ ಕೊಳ್ಳುವ ಮೊದಲು ಇಷ್ಟು ನೋಡಿ

ಕೊಡಗಿನ ಮಳೆಗಾಲದಲ್ಲಿ ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ಚಿತ್ರ ಹೊತ್ತಿಕೊಂಡರೆ ಮೊದಲು ಅನುಮಾನಿಸಬೇಕಾದ್ದು ಮೂರನ್ನು: ನೀರು, ಇಲಿ, ಸೊರಗಿದ ಬ್ಯಾಟರಿ. ಇವನ್ನು ನೋಡದೆ, ಸ್ಕ್ಯಾನರ್ ಹೆಸರಿಸಿದ ಸೆನ್ಸರನ್ನೇ ಕೊಂಡು ಹಾಕಿಸಿದವರು ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ, ದೀಪ ಮತ್ತೆ ಹೊತ್ತುತ್ತದೆ. ಯಾವ ಅಳತೆ ತಪ್ಪಿದೆ ಎಂಬುದಷ್ಟೇ ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ನಿಂದ ಗೊತ್ತಾಗುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ಹುಡುಕುವ ಕೆಲಸ ನಮ್ಮದು.

ಉರಿಯುತ್ತಿದೆಯೋ, ಮಿನುಗುತ್ತಿದೆಯೋ?

ದೀಪ ಒಂದೇ ಸಮನೆ ಉರಿಯುತ್ತಿದ್ದು ಎಂಜಿನ್ ಎಂದಿನಂತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಪೆಟ್ರೋಲ್ ಕಾರಿನಲ್ಲಿ ಅದು ಮಿನುಗುತ್ತಿದ್ದರೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು, ಜೋರಾಗಿದೆ ಎಂದರ್ಥ. ಸುಡದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದೇ ಸ್ಥಿತಿಯಲ್ಲಿ ಸಂಪಾಜೆ ಘಾಟಿ ಹತ್ತಿಸಿದರೆ ಕನ್ವರ್ಟರಿನ ಒಳಭಾಗ ಕರಗಿಹೋಗಬಹುದು. ಅಗಲವಾದ ಜಾಗ ನೋಡಿ ನಿಲ್ಲಿಸಿ. ಬೇಸಿಗೆಯಲ್ಲಿ ತೋಟದ ಒಣ ಎಲೆಗಳ ಮೇಲಂತೂ ನಿಲ್ಲಿಸಲೇಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಜೊತೆಗೆ ಕೆಂಪು ಆಯಿಲ್ ದೀಪವೋ ಟೆಂಪರೇಚರ್ ದೀಪವೋ ಬಂದಿದ್ದರೆ ಆದಷ್ಟು ಬೇಗ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಬ್ಯಾಟರಿ, ಬಾನೆಟ್

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.4ರಿಂದ 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ಒಳಗಿರುತ್ತದೆ. ವೋಲ್ಟೇಜ್ ಕುಸಿದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡ್‌ಗಳು ಒಟ್ಟಿಗೇ ಬರಬಹುದು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಮೈನಸ್ ತಂತಿ ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ. ಆದರೆ ಬ್ಯಾಟರಿ ಬಿಚ್ಚಿದರೆ ಹಲವು ಕಾರುಗಳಲ್ಲಿ ಕೋಡ್‌ಗಳೇ ಅಳಿಸಿಹೋಗುತ್ತವೆ. ಹಾಗಾಗಿ ಕೋಡ್ ಓದಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕಿ.

ಇನ್ನು ಇಲಿ. ಭತ್ತದ ಮೂಟೆ ಇರುವ ಶೆಡ್ಡಿನಲ್ಲಿ ಕಾರು ನಿಲ್ಲುತ್ತಿದ್ದರೆ ಟಾರ್ಚ್ ಹಿಡಿದು ವೈರಿಂಗ್ ಪೂರ್ತಿ ನೋಡಿ: ಕಡಿದ ತುದಿ, ಹಿಕ್ಕೆ, ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು. ಕಡಿದ ವೈರನ್ನು ಸೋಲ್ಡರ್ ಮಾಡಿ, ಶಾಖಕ್ಕೆ ಕುಗ್ಗುವ ಕೊಳವೆ ಹಾಕಬೇಕು. ಬರೀ ಟೇಪ್ ಸುತ್ತಿದರೆ ನಮ್ಮ ಮಳೆಗೆ ಒಳಗೆ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಹಳದಿ ಹೊದಿಕೆಯ ವೈರ್ ಏರ್‌ಬ್ಯಾಗಿನದು, ಕಿತ್ತಳೆ ಬಣ್ಣದ್ದು ಹೈಬ್ರಿಡ್ ಕಾರಿನ ಹೈ ವೋಲ್ಟೇಜಿನದು. ಎರಡನ್ನೂ ಮುಟ್ಟಬೇಡಿ.

ಕೋಡ್ ಓದುವುದು

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಕಾರಿನ ದೋಷದ ಕೋಡ್ ಓದಲೆಂದೇ ಇಟ್ಟ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಇಎಲ್‌ಎಂ 327 ಮಾದರಿಯ ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ, ಫೋನಿಗೆ ಜೋಡಿಸಿ, ಫೋನಿನ ಒಬಿಡಿ ಆ್ಯಪ್‌ನಲ್ಲಿ ಕೋಡ್ ಓದಿ. ಪಿನ್ ಸಾಮಾನ್ಯವಾಗಿ 1234 ಅಥವಾ 0000. ಐಫೋನಿಗೆ ಹಳೆಯ ಬ್ಲೂಟೂತ್ ಮಾದರಿ ಹೊಂದುವುದಿಲ್ಲ, ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದನ್ನು ಕೊಳ್ಳಿ. ಕೋಡ್ ಜೊತೆ ‘ಫ್ರೀಜ್ ಫ್ರೇಮ್’ ಪುಟವನ್ನೂ ತೆರೆದು ಫೋಟೊ ಉಳಿಸಿಕೊಳ್ಳಿ. ತೊಂದರೆ ದಾಖಲಾದ ಕ್ಷಣದ ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಅದರಲ್ಲಿರುತ್ತವೆ. ‘ಕ್ಲಿಯರ್’ ಗುಂಡಿ ಒತ್ತಿದರೆ ಈ ಸಾಕ್ಷಿಯೆಲ್ಲ ಹೋಯಿತು.

ಪಿ0301ರಿಂದ ಪಿ0304

ಇದು ಮಿಸ್‌ಫೈರ್, ಕೊನೆಯ ಅಂಕೆ ಸಿಲಿಂಡರಿನದು. ಪ್ರತಿ ಸ್ಪಾರ್ಕ್ ಪ್ಲಗ್ಗಿಗೂ ಕಿಡಿಗೆ ವಿದ್ಯುತ್ ಕೊಡುವ ಪ್ರತ್ಯೇಕ ಕಾಯಿಲ್ ಇರುವ ಕಾರಾದರೆ, ಹೊಸ ಭಾಗ ಕೊಳ್ಳದೆಯೇ ಪತ್ತೆ ಮಾಡಬಹುದು. ಉದಾಹರಣೆಗೆ ಪಿ0301 ಬಂದಿದ್ದರೆ, ಇಗ್ನಿಷನ್ ಆಫ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ ಒಂದನೆಯ ಮತ್ತು ಎರಡನೆಯ ಸಿಲಿಂಡರಿನ ಕಾಯಿಲ್ ಅದಲುಬದಲು ಮಾಡಿ. ಕೋಡ್ ಅಳಿಸಿ ಓಡಿಸಿದಾಗ ಪಿ0301 ಹೋಗಿ ಪಿ0302 ಬಂದರೆ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಪ್ಲಗ್ಗನ್ನೂ ಹಾಗೆಯೇ ಬದಲಿಸಿ ನೋಡಿ. ಆಗಲೂ ಕದಲದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ತೊಂದರೆ. ಅದು ಗ್ಯಾರೇಜಿನ ಕೆಲಸ. ಕಾಯಿಲ್ ತೆಗೆದಾಗ ಅದು ಕೂರುವ ಕುಳಿಯಲ್ಲಿ ನೀರೋ ಆಯಿಲೋ ನಿಂತಿದ್ದರೆ ಪ್ಲಗ್ ಬಿಚ್ಚುವ ಮೊದಲೇ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಅದು ನೇರ ಸಿಲಿಂಡರಿಗೆ ಇಳಿಯುತ್ತದೆ.

ಪಿ0171

ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ದೂರು ಇದು. ಆ್ಯಪ್‌ನ ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚಿಸಿ ಇಲ್ಲವೇ ಇಳಿಸಿ ಸರಿದೂಗಿಸುತ್ತಿದೆ ಎಂಬ ಲೆಕ್ಕ) ನೋಡಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಶೇ 10ಕ್ಕಿಂತ ಮೇಲಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಹೋಸ್ ಸೀಳಿ ಗಾಳಿ ಎಳೆಯುತ್ತಿದೆ. ಎಂಜಿನ್ ವೇಗ ಏರಿದಂತೆ ಟ್ರಿಮ್ಮೂ ಏರಿದರೆ ಫ್ಯುಯೆಲ್ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಎಂಎಎಫ್ ಸೆನ್ಸರ್ (ಒಳಬರುವ ಗಾಳಿಯ ಪ್ರಮಾಣ ಅಳೆಯುವುದು) ಕಡೆ ಗಮನ ಕೊಡಿ. ಎಂಎಎಫ್‌ಗೆ ಅದರದ್ದೇ ಸ್ಪ್ರೇ ಬಳಸಿ. ಬಟ್ಟೆ, ಬ್ರಷ್, ಪೆಟ್ರೋಲ್ ಯಾವುದೂ ಕೂಡದು. ಅನೇಕ ಸಣ್ಣ ಕಾರುಗಳಲ್ಲಿ ಎಂಎಎಫ್ ಬದಲು, ಇನ್‌ಟೇಕ್‌ನ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುತ್ತದೆ.

ಮೈನಸ್ 40 ಡಿಗ್ರಿ

ಒಳಬರುವ ಗಾಳಿಯ ಉಷ್ಣತೆ ಮೈನಸ್ 40 ಡಿಗ್ರಿ ಎಂದು ತೋರಿಸಿ ಪಿ0113 ಬಂದರೆ ಸಂಪರ್ಕ ತಪ್ಪಿದೆ: ವೈರ್ ಕಡಿದಿದೆ, ಕನೆಕ್ಟರ್ ಕಳಚಿದೆ ಅಥವಾ ಸೆನ್ಸರ್ ಒಳಗೇ ತುಂಡಾಗಿದೆ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲೂ ಅಂಥ ಅಂಕಿ ಬರುವುದಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಕೂಲಂಟ್ ಮತ್ತು ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಯಾವುದು ಹೊರಗಿನ ಚಳಿಗೆ ತಾಳೆಯಾಗುವುದಿಲ್ಲವೋ ಆ ಸೆನ್ಸರಿನ ವೈರ್ ಮೊದಲು ನೋಡಿ.

ಡೀಸೆಲ್ ಕಾರುಗಳಿಗೆ

ಬಿಎಸ್6 ಡೀಸೆಲ್‌ನಲ್ಲಿ ಪಿ2463 ಬಂದರೆ ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಮಸಿ ತುಂಬಿದೆ. ಮನೆಯಿಂದ ಪೇಟೆಗೆ ಸಣ್ಣಸಣ್ಣ ಓಡಾಟವಷ್ಟೇ ಇದ್ದರೆ ಮಸಿ ಸುಡುವಷ್ಟು ಬಿಸಿ ಅದಕ್ಕೆ ಸಿಗುವುದಿಲ್ಲ. ಕಾರಿನ ಕೈಪಿಡಿ ಒಪ್ಪುವುದಾದರೆ ಕುಶಾಲನಗರ ದಾಟಿ ಮೈಸೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ 20 ನಿಮಿಷ ಓಡಿಸಿ. ಪವರ್ ಇಳಿದುಹೋಗಿದ್ದರೆ ಆ ಪ್ರಯತ್ನ ಬೇಡ, ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ದುರಸ್ತಿಯಾದ ಮೇಲೆ ಕೋಡ್ ಅಳಿಸಿ ಎರಡು ಮೂರು ದಿನ ಎಂದಿನಂತೆ ಓಡಿಸಿ, ‘ಪೆಂಡಿಂಗ್’ (ಕಂಡರೂ ಇನ್ನೂ ಖಚಿತವಾಗದ ದೋಷಗಳ) ಪಟ್ಟಿ ಮತ್ತೆ ಓದಿ. ಅಳಿಸದಿದ್ದರೂ, ತೊಂದರೆ ನಿಜಕ್ಕೂ ಹೋಗಿದ್ದರೆ ಸಾಮಾನ್ಯವಾಗಿ ಸತತ ಮೂರು ಡ್ರೈವ್ ಸೈಕಲ್‌ಗಳಲ್ಲಿ (ಎಂಜಿನ್ ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಒಂದು ಸುತ್ತು) ದೋಷ ಕಾಣದಾದಾಗ ದೀಪ ತಾನೇ ಆರುತ್ತದೆ. ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೆ ಫ್ರೀಜ್ ಫ್ರೇಮಿನ ಫೋಟೊ ತೋರಿಸಿ, ಏನೇನು ಅದಲುಬದಲು ಮಾಡಿದಿರಿ ಎಂದು ಮೆಕ್ಯಾನಿಕ್‌ಗೆ ತಿಳಿಸಿ. ಅವರು ಅದೇ ಕೆಲಸವನ್ನು ಮತ್ತೆ ಮಾಡುವುದು ತಪ್ಪುತ್ತದೆ.