ಚೀಟಿಯಲ್ಲಿ ಬರೆಯದ ಪ್ರಾರ್ಥನೆ ವಿನಂತಿ

ಧಾರವಾಡದ ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆಗೆ ಮುಂಚೆ ಪ್ರಾರ್ಥನೆ ವಿನಂತಿಯ ಚೀಟಿಗಳನ್ನು ಪೆಟ್ಟಿಗೆಗೆ ಹಾಕುವ ರೂಢಿಯಿದೆ. ಸಕ್ಕರೆ ಕಾಯಿಲೆ, ಮಗನ ನೌಕರಿ, ಮೊಣಕಾಲಿನ ಶಸ್ತ್ರಚಿಕಿತ್ಸೆ, ಎಲ್ಲವನ್ನೂ ಹೆಸರು ಸಹಿತ ಓದುತ್ತಾರೆ. ಆದರೆ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದ ನಾನು, ಬೆಳಗಿನ 3 ಗಂಟೆಗೇ ಎಚ್ಚರಗೊಂಡು, ಆರಾಧನೆಯಲ್ಲಿ ಸಂಗೀತ ಹಾಡುವಾಗ ತುಟಿಯನ್ನಷ್ಟೇ ಆಡಿಸುತ್ತ ದೂಡಿದ 4 ತಿಂಗಳಲ್ಲಿ ಒಂದು ಚೀಟಿಯನ್ನೂ ಬರೆಯಲಿಲ್ಲ. ನಂಬಿಕೆ ಕುಂದಿದೆ ಎಂದು ಜನ ತಿಳಿದಾರು ಎಂಬ ಅಂಜಿಕೆ ನನಗಿತ್ತು.

ಕೊನೆಗೆ ಒಂದು ವಾರದ ದಿನ ಸಭಾಪಾಲಕರ ಮನೆಗೆ ಹೋದೆ. ಬರಿದೆ "ಅಯ್ಯನವರೇ, ಪ್ರಾರ್ಥಿಸಿರಿ" ಎಂದರೆ ಮಾತು ಪ್ರಾರ್ಥನೆಯೊಂದಿಗೇ ಮುಗಿಯುತ್ತದೆ ಎಂದು ಬಲ್ಲವಳಾದುದರಿಂದ, ಕೇಳಬೇಕಾದುದನ್ನು ಮೊದಲೇ ಬರೆದುಕೊಂಡಿದ್ದೆ: ವಿಷಯವನ್ನು ಸಭೆಯಲ್ಲಿ ಹೇಳಬಾರದು, ಊರಿನ ಮಾನಸಿಕ ಆರೋಗ್ಯದ ಆಸ್ಪತ್ರೆಯಾದ ಡಿಮ್ಹಾನ್ಸ್‌ಗೆ ಜೊತೆಗೆ ಯಾರಾದರೂ ಬರಬೇಕು, ಪಾಠದಿಂದ 3 ತಿಂಗಳು ಬಿಡುವು ಬೇಕು. ಅವರು ಬೈಬಲಿನ 88ನೆಯ ಕೀರ್ತನೆಯನ್ನು ಓದಿದರು. ಸಂಕಟದ ಇತರ ಎಷ್ಟೋ ಕೀರ್ತನೆಗಳಂತೆ ಅದು ಸ್ತುತಿಗೆ ತಿರುಗದೆ ಕತ್ತಲೆಯ ಮಾತಿನಲ್ಲೇ ನಿಲ್ಲುತ್ತದೆ. ಅದರ ಮೇಲೆ ಅವರು ಪ್ರಸಂಗ ಮಾಡದಿದ್ದುದಕ್ಕೆ ಇಂದಿಗೂ ಋಣಿ. ಮರುದಿನ ಅವರ ಪತ್ನಿ ಹೊರರೋಗಿ ವಿಭಾಗದ ಪಾಳಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದರು.

ವೈದ್ಯರು ಇದು ಖಿನ್ನತೆ ಎಂದು ಹೇಳಿ, ಮಾತ್ರೆಯ ಗುಣ ಕಾಣಲು ಕೆಲವು ವಾರಗಳೇ ಬೇಕೆಂದೂ ತಾನಾಗಿ ನಿಲ್ಲಿಸಕೂಡದೆಂದೂ ಎಚ್ಚರಿಸಿದರು. ನಾನು ನಿಲ್ಲಿಸಿದೆ. ಬೇರೊಂದು ಊರಿನ ಉಪವಾಸ ಕೂಟದಲ್ಲಿ ತಲೆಯ ಮೇಲೆ ಕೈಯಿಟ್ಟ ಬೋಧಕರೊಬ್ಬರು, ಇನ್ನು ಮಾತ್ರೆ ನುಂಗುವುದು ಅವಿಶ್ವಾಸ ಎಂದಿದ್ದರು. ನನಗೂ ಅದೇ ಬೇಕಾಗಿತ್ತೋ ಏನೋ. ನಾಲ್ಕೈದು ದಿನಗಳಲ್ಲಿ ತಲೆಸುತ್ತು, ಕಾರಣವಿಲ್ಲದ ಸಿಡುಕು, ಮತ್ತೆ ಅದೇ 3 ಗಂಟೆಯ ಎಚ್ಚರ. ಅಯ್ಯನವರು ಗದರಲಿಲ್ಲ. ಸಾವನ್ನು ಬೇಡಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ಎಬ್ಬಿಸಿ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಬುದ್ಧಿವಾದವಲ್ಲ ಎಂದಷ್ಟೇ ನೆನಪಿಸಿ, ಆ ವಾರವೇ ವೈದ್ಯರ ಬಳಿಗೆ ಮರಳಿ ಕಳುಹಿಸಿದರು.

ಆಮೇಲೆ ಉಪವಾಸದ ದಿನಗಳಲ್ಲೂ ನಾನು ಉಂಡು ಮಾತ್ರೆ ನುಂಗಿಯೇ ಪ್ರಾರ್ಥನೆಗೆ ಹೋಗುತ್ತಿದ್ದೆ. ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೂ ಮಾತನಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಸ್ತ್ರೀಯರ ಕೂಟದ ಕೋಣೆಯ ಬಾಗಿಲಿಗೆ ಅಂಟಿಸಿದವಳು ನಾನೇ. ಕಳೆದ ತಿಂಗಳು ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸಿದಾಗ ಅದಕ್ಕಾಗಿ ಪ್ರಾರ್ಥಿಸಬೇಕೆಂದು ಪೆಟ್ಟಿಗೆಗೆ ಚೀಟಿ ಹಾಕಿದೆ. ಹೆಸರು ಮಾತ್ರ ಬರೆಯಲಿಲ್ಲ.