ಸಹ್ಯಾದ್ರಿ ಕಾಡಿಲಿಗೆ ಬೋನು ಇಡುವ ಬಗೆ

ಸಹ್ಯಾದ್ರಿ ಕಾಡಿಲಿ (ರ‍್ಯಾಟಸ್ ಸತಾರೇ) ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. 1918ರಲ್ಲಿ ಪ್ರಾಣಿಶಾಸ್ತ್ರಜ್ಞ ಹಿಂಟನ್ ಸತಾರಾದ ಇಲಿಗೆ ಈ ಹೆಸರಿಟ್ಟರೂ ಬಹುಕಾಲ ಅದನ್ನು ಮನೆ ಇಲಿಯ ಉಪಜಾತಿ ಎಂದೇ ಎಣಿಸಿದ್ದರು. ಸತಾರಾ, ಕೊಡಗು, ನೀಲಗಿರಿ ಎಂದು ದಾಖಲೆಗಳು ಚದುರಿಕೊಂಡಿವೆ. ಇದು ಮರದ ಮೇಲಿನ ಜೀವಿ; ನೆಲದ ಬೋನು ಖಾಲಿ ಬಂತೆಂದು ಆ ಕಾಡಿನಲ್ಲಿ ಇಲ್ಲವೆಂದು ಬರೆದರೆ ಅದು ಎಲ್ಲೆಲ್ಲಿದೆ ಎಂದು ತೋರಿಸುವ ನಕ್ಷೆಯೇ ತಪ್ಪುತ್ತದೆ.

ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆ ಅರ್ಧ ಬೋನು ನೆಲದಲ್ಲಿ, ಅರ್ಧ ಮರದಲ್ಲಿ ಇಡುತ್ತೇನೆ. ಮರದಲ್ಲಾದರೆ ಬಳ್ಳಿ ಹಾದುಹೋಗುವ, ಕೊಂಬೆಗೆ ಕೊಂಬೆ ತಾಗುವ ಕಡೆ, ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿ. ಹಿಂದೆ ಮುಂದೆ ಎರಡೂ ಕಡೆ ಹಗ್ಗ ಬಿಗಿಯಬೇಕು. ಅಲುಗಾಡಿದರೆ ಇಲಿ ಒಳಗೆ ಕಾಲಿಡುವುದಿಲ್ಲ, ಇಲ್ಲವೇ ಗಾಳಿಗೇ ಬಾಗಿಲು ಬೀಳುತ್ತದೆ.

ಇಲಿಯನ್ನು ಜೀವಂತ ಹಿಡಿಯುವ ತಗಡಿನ ಪೆಟ್ಟಿಗೆಯಾದ ಷರ್ಮನ್ ಬೋನಿನಲ್ಲಿ 23 ಸೆಂ.ಮೀ.ನದ್ದು ಬೇಡ, 30 ಸೆಂ.ಮೀ. ಉದ್ದದ್ದೇ ಬೇಕು. ಈ ಇಲಿಗೆ ಮೈಗಿಂತ ಬಾಲ ಉದ್ದ. ಗಿಡ್ಡ ಬೋನಿನಲ್ಲಿ ಬಾಗಿಲು ಬಾಲದ ಮೇಲೆ ಬಿದ್ದು, ಎಳೆದಾಡುವಾಗ ಚರ್ಮ ಒರೆಯಂತೆ ಜಾರಿ ಬರುತ್ತದೆ. ಹಾಗಾಗಬಾರದು. ಎರೆಯನ್ನೂ, ತುಳಿದರೆ ಬಾಗಿಲು ಬೀಳಿಸುವ ಹಲಗೆಯ ಆಚೆ, ತೀರಾ ಹಿಂದಕ್ಕೆ ಇಡಿ: ಕಡಲೆಕಾಯಿ ಬೆಣ್ಣೆಗೆ ರಾಗಿ ಹಿಟ್ಟು ಕಲಸಿದ ಅಡಿಕೆ ಗಾತ್ರದ ಉಂಡೆ, ಜೊತೆಗೆ ಸುಟ್ಟ ಕೊಬ್ಬರಿ ಚೂರು. ಒಂದು ಹಿಡಿ ಹತ್ತಿ ಹಾಕಿದರೆ ಚಳಿಗೆ ಸಾಯುವುದಿಲ್ಲ. ಇರುವೆ ಸಾಲು ಕಂಡ ಕೊಂಬೆ ಬಿಟ್ಟುಬಿಡಿ. ಸಿಕ್ಕಿಬಿದ್ದ ಇಲಿಯನ್ನು ಅವು ರಾತ್ರಿಯಲ್ಲೇ ತಿಂದು ಮುಗಿಸುತ್ತವೆ. ಮಳೆಗಾಲದಲ್ಲಿ ಇಡಲೇ ಬೇಡಿ.

ಸೂರ್ಯ ಹುಟ್ಟುವ ಮೊದಲೇ ಬೋನು ನೋಡಿ ಬರಬೇಕು, ಬಿಸಿಲು ಬಿದ್ದರೆ ತಗಡು ಕಾಯುತ್ತದೆ. ಇಲಿಯನ್ನು ಬಟ್ಟೆ ಚೀಲಕ್ಕೆ ಇಳಿಸಿ ತೂಗಿ, ಆಮೇಲೆ ಬಾಲ, ಹಿಂಗಾಲು ಅಳೆಯಿರಿ. ಕೈಗವಸು ಕಡ್ಡಾಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವ ಉಣುಗಿನ ಮರಿಗಳು ಇಂಥ ಸಣ್ಣ ಪ್ರಾಣಿಗಳ ರಕ್ತವನ್ನೇ ಹೀರಿ ಬೆಳೆಯುತ್ತವೆ. ಇಲಿಯ ಉಚ್ಚೆಯಿಂದ ಇಲಿ ಜ್ವರದ ಭಯವೂ ಇದೆ.

ಮೆತ್ತನೆಯ ನವಿರಾದ ತುಪ್ಪಳ, ಬಿಳಿ ಹೊಟ್ಟೆ, ಉದ್ದ ಬಾಲ ಕಂಡ ಮಾತ್ರಕ್ಕೆ ಹೆಸರು ಬರೆದುಬಿಡಬಾರದು. ಘಟ್ಟದ ಮನೆ ಇಲಿಯಲ್ಲೂ ಬಿಳಿ ಹೊಟ್ಟೆಯವು ಇವೆ, ಬಾಲವೂ ಉದ್ದವೇ. ಡಿಎನ್ಎ ಪರೀಕ್ಷೆಗೆಂದು ಕಿವಿಯ ಅಂಚಿನಿಂದ 2 ಮಿ.ಮೀ. ಚೂರು ತೆಗೆದು 95% ಆಲ್ಕೋಹಾಲಿಗೆ ಹಾಕಿ, ಸೀಸೆಯ ಚೀಟಿಯಲ್ಲಿ ಬೋನಿನ ಸಂಖ್ಯೆಯ ಜೊತೆ ನೆಲವೋ ಮರವೋ, ಎಷ್ಟು ಎತ್ತರ ಎಂಬುದನ್ನೂ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಅಳಿಸಿಹೋಗುತ್ತದೆ. ಬಿಡುವಾಗ ಹಿಡಿದ ಮರದ ಬುಡದಲ್ಲೇ ಬಿಡಬೇಕು.