ನೆರೆ ಇಳಿದ ಮೇಲೆ ಮೊದಲು ನೀರು, ಗುಳಿಗೆ, ಆಮೇಲೆ ನೆಲ

ಉಣಕಲ್ ಕೆರೆ ಕೋಡಿ ಬಿದ್ದು ನಾಲಾ ಉಕ್ಕಿದರೆ ಹುಬ್ಬಳ್ಳಿಯ ತಗ್ಗಿನ ಓಣಿಗಳಿಗೆ ಗಟಾರದ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳು ನೆರೆ ಕಂಡವು. ನೀರು ಒಂದೆರಡು ದಿನದಲ್ಲಿ ಇಳಿಯುತ್ತದೆ, ರೋಗ ಬರುವುದು ಆಮೇಲೆ. ವಾಂತಿ-ಭೇದಿ ಮೊದಲ ವಾರದಲ್ಲೇ ಶುರುವಾಗಬಹುದು. ಇಲಿ ಜ್ವರ, ಡೆಂಗಿ ಸಾಮಾನ್ಯವಾಗಿ ಎರಡನೇ ವಾರದಿಂದ. ಕೂಲಿ ತಪ್ಪಿದ ಮನೆಯವರು ಈ ದಿನಗಳನ್ನೆಲ್ಲ ರಾಡಿ ಬಳಿಯುವುದರಲ್ಲೇ ಕಳೆಯುತ್ತಾರೆ. ನೆಲ ಒಂದು ದಿನ ತಡವಾದರೂ ನಡೆದೀತು, ಕುಡಿಯುವ ನೀರು ಮತ್ತು ದಿನದ ಗುಳಿಗೆ ತಡವಾಗಬಾರದು.

ನೀರು

ನಳ ಹಲವು ದಿನಕ್ಕೊಮ್ಮೆ ಬರುವ ಊರಿದು. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಒಡಕಿದ್ದಲ್ಲಿ ಸುತ್ತಲಿನ ಗಟಾರದ ನೀರು ಒಳಗೆ ಇಳಿಯುತ್ತದೆ. ಆದ್ದರಿಂದ ನಳ ಬಂದಾಗ ಮೊದಲ ನಾಲ್ಕೈದು ಕೊಡ ನೆಲ ತೊಳೆಯಲಿಕ್ಕೆ ಇಟ್ಟುಕೊಳ್ಳಿ, ಕುಡಿಯಲಿಕ್ಕೆ ಬೇಡ. ಆಮೇಲೂ ವಾಸನೆ ಬಂದರೆ ವಾಲ್ವ್‌ಮನ್‌ಗೆ ಅವತ್ತೇ ತಿಳಿಸಿ.

ನೆರೆ ನೀರು ತಾಗಿದ ಬ್ಯಾರಲ್ ಅನ್ನು ಪೂರ್ತಿ ಚೆಲ್ಲಿ, ಸೋಪು ಹಾಕಿ ಉಜ್ಜಿ. 10 ಲೀಟರ್ ಬಕೆಟ್‌ಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ ಒಳಗೆಲ್ಲ ಸವರಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಗಂಟುಗಟ್ಟಿದ, ಘಾಟು ಹೋದ ಪೌಡರ್ ಕೆಲಸ ಮಾಡುವುದಿಲ್ಲ.

ಕುಡಿಯುವ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದ ಮೇಲೆಯೇ ಕ್ಲೋರಿನ್ ಗುಳಿಗೆ ಹಾಕಿ. ಕೆಂಪು ರಾಡಿ ನೀರಿಗೆ ನೇರವಾಗಿ ಹಾಕಿದರೆ ಕ್ಲೋರಿನ್ ಆ ಮಣ್ಣಿನಲ್ಲೇ ಖರ್ಚಾಗಿ ಹೋಗುತ್ತದೆ, ರೋಗಾಣು ಉಳಿಯುತ್ತವೆ. ಒಂದು ಗುಳಿಗೆ ಎಷ್ಟು ಲೀಟರಿಗೆ ಎಂಬುದನ್ನು ಗುಳಿಗೆಯ ಪಟ್ಟಿಯ (ಸ್ಟ್ರಿಪ್) ಮೇಲೆ ನೋಡಿ; ಎಲ್ಲ ಗುಳಿಗೆಗಳೂ ಒಂದೇ ಅಳತೆಯವಲ್ಲ. ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ತುಸು ವಾಸನೆ ಉಳಿದಿದ್ದರೆ ಸರಿಯಾಗಿದೆ ಎಂದರ್ಥ, ಆ ವಾಸನೆಗೆ ಹೆದರಿ ಚೆಲ್ಲಬೇಡಿ. ಗುಳಿಗೆ ಸಿಗದಿದ್ದರೆ ನೀರನ್ನು ಕೊತಕೊತ ಕುದಿಸಿ.

ನಿತ್ಯದ ಗುಳಿಗೆ

ಇದನ್ನು ಮರೆಯುವವರೇ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ಟಿಬಿ ಇದ್ದವರ ಗುಳಿಗೆ ನೀರುಪಾಲಾಗಿದ್ದರೆ ಅದೇ ದಿನ ಹತ್ತಿರದ ನಮ್ಮ ಕ್ಲಿನಿಕ್‌ಗೆ ಅಥವಾ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ತಪಾಸಣೆ, ಔಷಧ ಉಚಿತ. ವೈದ್ಯರ ಚೀಟಿ ಹೋಗಿದ್ದರೆ ಗುಳಿಗೆಯ ಖಾಲಿ ಪಟ್ಟಿಯಾದರೂ ಒಯ್ಯಿರಿ. ಮೂರ್ಛೆ ರೋಗದ ಗುಳಿಗೆ ಏಕಾಏಕಿ ನಿಂತರೆ ಎಡೆಬಿಡದೆ ಸೆಳೆತ ಬಂದು ಜೀವಕ್ಕೇ ಅಪಾಯ. ಟಿಬಿ ಗುಳಿಗೆ ತಪ್ಪಿಸಿದರೆ ರೋಗ ಔಷಧಕ್ಕೆ ಬಗ್ಗದಂತೆ ಆಗುತ್ತದೆ. ನೆರೆ ನೀರಿನಲ್ಲಿ ಮುಳುಗಿದ ಇನ್ಸುಲಿನ್ ಸೀಸೆ, ಒದ್ದೆಯಾದ ಗುಳಿಗೆ ಒಣಗಿಸಿ ಬಳಸುವಂಥವಲ್ಲ.

ಭೇದಿ ಶುರುವಾದರೆ

ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಇಡಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು. ಅಳತೆಗೆ ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಸುರಿಯುವುದು ದೊಡ್ಡ ತಪ್ಪು: ಮೈಯಲ್ಲಿ ಉಪ್ಪಿನಂಶ ಏರಿ ಮಗುವಿಗೆ ಸೆಳೆತ ಬರಬಹುದು. ಪೊಟ್ಟಣ ಇಲ್ಲವೇ? ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಅಂಚುಮಟ್ಟಕ್ಕೆ. 24 ಗಂಟೆಯ ನಂತರ ಚೆಲ್ಲಿ, ಹೊಸದು ಮಾಡಿ. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ, ಚಮಚದಿಂದ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆಯರ ಹತ್ತಿರ ಜಿಂಕ್ ಗುಳಿಗೆಯೂ ಸಿಗುತ್ತದೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, ಭೇದಿ ನಿಂತರೂ 14 ದಿನ.

ಅಕ್ಕಿ ತೊಳೆದ ನೀರಿನಂಥ ಭೇದಿ, ರಕ್ತ, ಗುಳಿಬಿದ್ದ ಕಣ್ಣು, ಆರು ತಾಸು ಮೂತ್ರ ಇಲ್ಲದಿರುವುದು ಕಂಡರೆ 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಿರಿ.

ನೆಲ, ಗಾಯ, ಜ್ವರ

ರಾಡಿ ಬಳಿದ ಮೇಲೆಯೇ ಬ್ಲೀಚಿಂಗ್ ಹಾಕಿ, ಲೀಟರಿಗೆ 30 ಗ್ರಾಂ. ಪಾಯಖಾನೆ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ. ಕಾಲಿಗೆ ಬೂಟು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಗಾಯವಾದರೆ ಶುದ್ಧ ನೀರು, ಸೋಪಿನಿಂದ ತೊಳೆದು ಧನುರ್ವಾಯು ಸೂಜಿ ಬೇಕೇ ಎಂದು ಕ್ಲಿನಿಕ್‌ನಲ್ಲಿ ಕೇಳಿ.

ಗಟಾರದ ನೀರಿನಲ್ಲಿ ನಿಂತು ಕೆಲಸ ಮಾಡಿದವರಿಗೆ ಇಲಿ ಜ್ವರ ತಡೆಯಲು ವೈದ್ಯರು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಅದು ಸಲ್ಲದು, ಆದ್ದರಿಂದ ಅಂಗಡಿಯಿಂದ ತಾವೇ ತರಬಾರದು. ಜ್ವರದ ಜೊತೆ ಮೀನಖಂಡದ ನೋವು, ಕೆಂಪು ಕಣ್ಣು, ಹಳದಿ ಮೂತ್ರ ಇದ್ದರೆ ‘ನೀರಿನಲ್ಲಿ ನಿಂತಿದ್ದೆ’ ಎಂದು ವೈದ್ಯರಿಗೆ ತಪ್ಪದೇ ಹೇಳಿ. ಡೆಂಗಿ ಇರಬಹುದಾದ್ದರಿಂದ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವ ಹೆಚ್ಚಿಸುತ್ತವೆ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಬ್ಯಾರಲ್ ಬರಿದುಮಾಡಿ ಉಜ್ಜಿ.

ಖರ್ಚು

ಆಸ್ಪತ್ರೆಗೆ ದಾಖಲಾಗಬೇಕಾದರೆ ಮೊದಲು ಕಿಮ್ಸ್, ಚಿಟಗುಪ್ಪಿ ಆಸ್ಪತ್ರೆ, ಧಾರವಾಡದ ಸಿವಿಲ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇಲ್ಲದೆ ಖಾಸಗಿಗೆ ಹೋದರೆ ಬಿಲ್ಲು ನಿಮ್ಮ ತಲೆಗೇ ಬರುತ್ತದೆ. ಈ ಯೋಜನೆಯ ಕಾರ್ಡು ತೇಲಿಹೋಗಿದ್ದರೆ ಆಧಾರ್ ಸಂಖ್ಯೆಯೊಂದಿಗೆ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ. ಗೋಡೆ ಬಿದ್ದು ಗಾಯಗೊಂಡವರು ಕೇಸ್ ಪೇಪರ್, ಡಿಸ್ಚಾರ್ಜ್ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ತಹಶೀಲ್ದಾರ್ ಕಚೇರಿಯಲ್ಲಿ ಪರಿಹಾರ ಕೇಳುವಾಗ ಬೇಕಾಗುತ್ತವೆ.